ಹಳೇ ಕನ್ವರ್ಟಿಬಲ್ ಕೊಂಡು ರೆಸ್ಟೋರ್ ಮಾಡಬೇಕೆ? ನೋಡುವ ಕ್ರಮ ಹೀಗಿರಲಿ

ಹಳೇ ಕನ್ವರ್ಟಿಬಲ್, ಅಂದರೆ ಮೇಲಿನ ಟಾಪ್ ಮಡಚಿ ತೆರೆಯುವ ಓಪನ್ ಕಾರು, ಕೊಂಡು ರೆಸ್ಟೋರ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಕಾರಿನ ಹತ್ತಿರ ಹೋದ ಕೂಡಲೇ ಬಾನೆಟ್ ತೆಗೆಸಿ, ಸೆಲ್ಫ್ ಹೊಡೆಸಿ, ಎಂಜಿನ್ ಸದ್ದು ಕೇಳಿ ಖುಷಿಪಟ್ಟು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮನೆಗೆ ತಂದು ಕಾರ್ಪೆಟ್ ಎತ್ತಿದರೆ ನೆಲ ಕಾಣಿಸುತ್ತದೆ. ಕಾರಿನ ನೆಲವಲ್ಲ, ಶೆಡ್ಡಿನ ನೆಲ.

ಎಂಜಿನ್ ಹೋಗಿದ್ದರೆ ಬಿಚ್ಚಿ ಓವರ್‌ಹಾಲ್ ಮಾಡಿಸಬಹುದು. ಎಷ್ಟು ಖರ್ಚಾಗುತ್ತದೆ ಅಂತ ಮೊದಲೇ ಸುಮಾರಾಗಿ ಲೆಕ್ಕ ಹಾಕಬಹುದು. ತುಕ್ಕು ತಿಂದ ಬಾಡಿ ಹಾಗಲ್ಲ. ಒಂದು ಶೀಟ್ ಕತ್ತರಿಸಿದರೆ ಅದರ ಹಿಂದಿನದೂ ಹೋಗಿರುತ್ತದೆ, ಅದಕ್ಕೆ ಅಂಟಿಕೊಂಡದ್ದೂ ಹೋಗಿರುತ್ತದೆ. ಕನ್ವರ್ಟಿಬಲ್‌ನಲ್ಲಿ ಈ ಗೋಳು ಇನ್ನೂ ಜಾಸ್ತಿ. ಮಾಮೂಲಿ ಕಾರಿನಲ್ಲಿ ರೂಫು ಮತ್ತು ಅದರ ಕಂಬಗಳು ಬಾಡಿಯನ್ನು ಮೇಲಿನಿಂದ ಬಿಗಿಯಾಗಿ ಹಿಡಿದಿರುತ್ತವೆ. ಓಪನ್ ಕಾರಿಗೆ ಅದಿಲ್ಲ. ರಟ್ಟಿನ ಪೆಟ್ಟಿಗೆಯ ಮುಚ್ಚಳ ಕತ್ತರಿಸಿ ಎರಡು ತುದಿ ಹಿಡಿದು ಎತ್ತಿದರೆ ನಡುವೆ ಹೇಗೆ ಬಾಗುತ್ತದೋ ಹಾಗೆ ಈ ಬಾಡಿಯೂ ಬಾಗಲು ನೋಡುತ್ತದೆ. ಅದನ್ನು ತಡೆಯುವ ಕೆಲಸವೆಲ್ಲ ಬಾಗಿಲ ಕೆಳಗಿನ ಸಿಲ್ (ಉದ್ದಕ್ಕೂ ಇರುವ ಟೊಳ್ಳು ತಗಡಿನ ತೊಲೆ), ನೆಲದ ಶೀಟ್ ಮತ್ತು ಹಿಂದೆ ಮುಂದಿನ ಅಡ್ಡಗೋಡೆಗಳ ಮೇಲೆ ಬೀಳುತ್ತದೆ. ನೀರು ನಿಂತು ತುಕ್ಕು ಹಿಡಿಯುವುದೂ ಅಲ್ಲೇ.

ಅದಕ್ಕೇ ನೋಡುವ ಕ್ರಮ ಮುಖ್ಯ. ಮೊದಲು ಕಾಗದ, ಆಮೇಲೆ ಬಾಡಿ, ಆಮೇಲೆ ಟಾಪ್, ಆಮೇಲೆ ಬಿಡಿಭಾಗಗಳು, ಎಲ್ಲಕ್ಕಿಂತ ಕೊನೆಗೆ ಎಂಜಿನ್. ಮೊದಲಿನ ಎರಡರಲ್ಲಿ ಕಾರು ಫೇಲಾದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಹಂತ 1: ಮಾಡೆಲ್ ತೀರ್ಮಾನಿಸಿ, ಆದರೆ ಕಣ್ಣಿಗೆ ಕಂಡದ್ದನ್ನು ನೋಡಿ ಅಲ್ಲ

ಯಾವ ಕಾರು ಚೆಂದ ಅನ್ನುವುದಕ್ಕಿಂತ, ಯಾವ ಕಾರಿನ ಸಿಲ್, ನೆಲದ ಶೀಟ್, ಬೀಡಿಂಗ್ (ಗಾಜು, ಬಾಗಿಲ ಅಂಚಿನ ರಬ್ಬರ್ ಪಟ್ಟಿ) ಮತ್ತು ಟಾಪ್ ಇವತ್ತಿಗೂ ಹೊಸದಾಗಿ ಸಿಗುತ್ತವೆ ಅನ್ನುವುದನ್ನು ಮೊದಲು ನೋಡಿ. ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿ ಕಾರು 1962ರಿಂದ 1980ರವರೆಗೆ ತಯಾರಾಯಿತು, ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಬಂದವು. ಹಾಗಾಗಿ ಅದರ ಬಹುತೇಕ ಎಲ್ಲ ಭಾಗ ಸಿಗುತ್ತದೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಇದಕ್ಕೆ ಇಡೀ ಹೊಸ ಬಾಡಿ ಶೆಲ್ಲನ್ನೇ ತಯಾರಿಸತೊಡಗಿತು. ಮೊದಲ ಪೀಳಿಗೆಯ ಫೋರ್ಡ್ ಮಸ್ಟಾಂಗ್, ಟ್ರಯಂಫ್ ಸ್ಪಿಟ್‌ಫೈರ್, ಫೋಕ್ಸ್‌ವ್ಯಾಗನ್ ಬೀಟಲ್ ಕ್ಯಾಬ್ರಿಯೊಲೆ, 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಇವೂ ಹೊಸಬರಿಗೆ ಆಗುವಂಥವು. ಯಾರೂ ಕೇಳಿರದ ಹೆಸರಿನ, ಬೆರಳೆಣಿಕೆಯಷ್ಟು ತಯಾರಾದ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡರೆ, ಒಂದು ಮುಂದಿನ ಗಾಜಿಗಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು.

ಇನ್ನೊಂದು ವಿಷಯ, ಕಾರಿಗೆ ಬಾಡಿಯಿಂದ ಬೇರೆಯಾದ ಚಾಸಿಸ್ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಇದೆಯೋ ಇಲ್ಲವೋ. ಎಂಜಿಬಿ, ಮಸ್ಟಾಂಗ್, ಎಂಎಕ್ಸ್-5 ಇವುಗಳಲ್ಲಿ ಬಾಡಿಯೇ ಚಾಸಿಸ್. ಟ್ರಯಂಫ್ ಟಿಆರ್6ಗೆ ಬೇರೆ ಚಾಸಿಸ್ ಇದೆ. ಸ್ಪಿಟ್‌ಫೈರ್‌ಗೂ ಇದೆ, ಆದರೆ ಅದು ನಡುವಿನಲ್ಲಿ ಹಾದುಹೋಗುವ ಒಂದು ಬೆನ್ನುಮೂಳೆ ಮಾತ್ರ. ಹಾಗಾಗಿ ಅಲ್ಲೂ ಸಿಲ್‌ಗಳು ಭಾರ ಹೊರುತ್ತವೆ. "ಚಾಸಿಸ್ ಇದೆಯಲ್ಲ, ಸಿಲ್ ಹೋದರೇನಂತೆ" ಅನ್ನುವ ಮಾತು ನಂಬಬೇಡಿ.

ಜಾಗದ ಲೆಕ್ಕವನ್ನೂ ಈಗಲೇ ಹಾಕಿ. ಬಿಚ್ಚಿದ ಕಾರಿಗೆ ಎರಡು ಕಾರಿನಷ್ಟು ಜಾಗ ಬೇಕು. ಬಾಗಿಲು, ಬಾನೆಟ್, ಸೀಟು, ಎಂಜಿನ್ ಎಲ್ಲ ಎಲ್ಲಾದರೂ ಇರಬೇಕಲ್ವಾ? ಮೇಲೆ ಸೂರು ಇಲ್ಲದ ಜಾಗದಲ್ಲಿ ಈ ಕೆಲಸ ಶುರು ಮಾಡಲೇಬೇಡಿ. ಬರೀ ಟಾರ್ಪಾಲು ಹೊದಿಸಿದರೆ ಒಳಗೆ ತೇವ ಸೇರಿಕೊಂಡು, ನೀವು ಕೆಲಸ ಮಾಡುವುದಕ್ಕಿಂತ ವೇಗವಾಗಿ ತುಕ್ಕು ತನ್ನ ಕೆಲಸ ಮಾಡುತ್ತದೆ.

ಹಂತ 2: ಹೋಗುವ ಮುಂಚೆ ಫೋನಿನಲ್ಲೇ ಸೋಸಿ

ಮಾರುವವರು ಕಳಿಸುವ ಫೋಟೋಗಳು ಸಾಮಾನ್ಯವಾಗಿ ಮುಂದಿನಿಂದ, ಓರೆಯಾಗಿ, ಟಾಪ್ ಇಳಿಸಿ ತೆಗೆದವು. ಅವು ಬೇಡ. ಈ ಫೋಟೋಗಳನ್ನು ಕೇಳಿ: ಎರಡೂ ಬಾಗಿಲು ಮುಚ್ಚಿದಾಗ ನೇರ ಪಕ್ಕದಿಂದ, ಕಾರ್ಪೆಟ್ ಎತ್ತಿದ ನೆಲ, ಹಿಂದಿನ ಚಕ್ರದ ಮುಂದಿನ ಮೂಲೆ, ಡಿಕ್ಕಿಯ ತಳ, ಏರಿಸಿ ಮುಚ್ಚಿದ ಟಾಪ್, ಚಾಸಿಸ್ ನಂಬರ್ ಕೆತ್ತಿದ ಜಾಗ. "ಕಾರ್ಪೆಟ್ ಅಂಟಿಸಿಬಿಟ್ಟಿದ್ದೀವಿ, ಎತ್ತೋಕಾಗಲ್ಲ" ಅಂದರೆ ಅದೂ ಒಂದು ಉತ್ತರವೇ.

ಮೂರು ಪ್ರಶ್ನೆ ಸಾಕು. ಕಾರು ಕೊನೆಯ ಸಲ ಓಡಿದ್ದು ಯಾವಾಗ, ಯಾಕೆ ನಿಂತಿತು? ನಿಂತಿದ್ದಾಗ ಒಳಗಿತ್ತೋ ಹೊರಗಿತ್ತೋ? ವೆಲ್ಡಿಂಗ್ ಕೆಲಸ ಆಗಿದ್ದರೆ ಅದರ ಫೋಟೋ ಇದೆಯೇ? ಮೂರನೆಯದಕ್ಕೆ ಸಿಗುವ ಉತ್ತರ ತುಂಬ ಮುಖ್ಯ. ಸಿಲ್ ಸರಿಯಾಗಿ ಬದಲಿಸಿದವರು ಫೋಟೋ ತೆಗೆಯದೆ ಇರುವುದು ಅಪರೂಪ.

ಕೊನೆಗೆ ಒಂದು ಮಾತು ಹೇಳಿ: "ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ."

ಹಂತ 3: ಚೀಲದಲ್ಲಿ ಏನಿರಬೇಕು

ಜೋರು ಬೆಳಕಿನ ಟಾರ್ಚ್, ಉದ್ದ ಹಿಡಿಯ ಸಣ್ಣ ಕನ್ನಡಿ, ಮೆತ್ತನೆ ಬಟ್ಟೆ ಸುತ್ತಿದ ಮ್ಯಾಗ್ನೆಟ್, ಹಿಡಿ ಗಟ್ಟಿ ಇರುವ ಸ್ಕ್ರೂ ಡ್ರೈವರ್, ಅಳತೆ ಟೇಪು, ಗ್ಲೌಸ್, ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ, ಮಲಗಲು ಒಂದು ಚಾಪೆ. ಜಾಕಿ ಮತ್ತು ಎರಡು ಗಟ್ಟಿ ಸ್ಟ್ಯಾಂಡ್. ಕಂಪ್ರೆಷನ್ ಗೇಜ್ (ಎಂಜಿನ್ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್), ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್, ಮಲ್ಟಿಮೀಟರ್. ಮೊಬೈಲಿಗೆ ಸಿಕ್ಕಿಸುವ ಸಣ್ಣ ಕೇಬಲ್ ಕ್ಯಾಮೆರಾ ಇದ್ದರೆ ಸಿಲ್ ಒಳಗೆ ಇಣುಕಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪೇಂಟ್ ದಪ್ಪ ಅಳೆಯುವ ಮೀಟರ್ ಎರವಲು ಸಿಕ್ಕರೆ ತನ್ನಿ, ಇಲ್ಲದಿದ್ದರೂ ಮ್ಯಾಗ್ನೆಟ್‌ನಲ್ಲಿ ನಡೆಯುತ್ತದೆ.

ಆ ಮಾಡೆಲ್‌ನ ಪಾರ್ಟ್ಸ್ ಕ್ಯಾಟಲಾಗ್‌ನ ಚಿತ್ರಗಳನ್ನು ಪ್ರಿಂಟ್ ತೆಗೆದುಕೊಳ್ಳಿ. ಎಂಟನೇ ಹಂತದಲ್ಲಿ ಬೇಕಾಗುತ್ತದೆ.

ಜೊತೆಗೆ ಒಬ್ಬ ಸ್ನೇಹಿತ ಬರಲಿ, ಈ ಕಾರಿನ ಮೇಲೆ ಆಸೆ ಇಲ್ಲದವನು. ಹಗಲಿನಲ್ಲಿ ಹೋಗಿ. ಮಳೆ ಬಂದು ಬಾಡಿ ಒದ್ದೆಯಾಗಿದ್ದರೆ ಇನ್ನೊಂದು ದಿನ ಹೋಗಿ, ಯಾಕಂದರೆ ನೀರು ಕೂತ ಪೇಂಟ್ ಎಲ್ಲ ತಪ್ಪನ್ನೂ ಮುಚ್ಚುತ್ತದೆ.

ಹಂತ 4: ನಂಬರ್ ಮತ್ತು ಕಾಗದ

ಬಾಡಿ ಮುಟ್ಟುವ ಮುಂಚೆ ಚಾಸಿಸ್ ನಂಬರ್ ಓದಿ, ನೋಂದಣಿ ಕಾಗದದಲ್ಲಿರುವ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಎಂಜಿನ್ ನಂಬರನ್ನೂ ನೋಡಿ. ಎಂಜಿನ್ ಬದಲಾಗಿದ್ದರೆ ದೊಡ್ಡ ಅಪರಾಧವೇನಲ್ಲ, ಆದರೆ ಅದು ಕಾಗದದಲ್ಲಿ ಬಂದಿರಬೇಕು, ಬೆಲೆಯಲ್ಲೂ ಕಾಣಬೇಕು. ನಂಬರ್ ತಗಡಿನ ರಿವೆಟ್ ಹೊಸದಾಗಿ ಹೊಳೆಯುತ್ತಿದ್ದರೆ, ಕೆತ್ತಿದ ಜಾಗದ ಸುತ್ತ ಉಜ್ಜಿದ ಗುರುತಿದ್ದರೆ, ಅಲ್ಲಿಗೇ ನಿಲ್ಲಿಸಿ ವಾಪಸ್ ಬನ್ನಿ. ಕಾಗದ ಇಲ್ಲದ ಕಾರನ್ನು ಎಷ್ಟೇ ಚೆನ್ನಾಗಿ ರೆಸ್ಟೋರ್ ಮಾಡಿದರೂ ರಸ್ತೆಗೆ ತರಲು ಆಗುವುದಿಲ್ಲ.

ಕನ್ವರ್ಟಿಬಲ್‌ಗೆ ಮಾತ್ರ ಇರುವ ಒಂದು ಮೋಸ ಇದೆ. ರೂಫ್ ಇದ್ದ ಕಾರಿನ ತಲೆ ಕತ್ತರಿಸಿ ಕನ್ವರ್ಟಿಬಲ್ ಅಂತ ಮಾರುವುದು. ಕಂಪನಿಯಲ್ಲೇ ಓಪನ್ ಆಗಿ ತಯಾರಾದ ಕಾರಿಗೆ ತಳದಲ್ಲಿ ಹೆಚ್ಚುವರಿ ಬಲ ಕೊಟ್ಟಿರುತ್ತಾರೆ, ಕತ್ತರಿಸಿದ ಕಾರಿಗೆ ಅದು ಇರುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ನಂಬರೇ ಇದನ್ನು ಹೇಳಿಬಿಡುತ್ತದೆ. 1965-66ರ ಮಸ್ಟಾಂಗ್‌ನ ಚಾಸಿಸ್ ನಂಬರಿನಲ್ಲಿ ಮೂರು ಮತ್ತು ನಾಲ್ಕನೇ ಸ್ಥಾನದಲ್ಲಿ 08 ಇದ್ದರೆ ಕನ್ವರ್ಟಿಬಲ್, 07 ಅಂದರೆ ಹಾರ್ಡ್‌ಟಾಪ್ (ಗಟ್ಟಿ ರೂಫಿನದು), 09 ಅಂದರೆ ಫಾಸ್ಟ್‌ಬ್ಯಾಕ್ (ರೂಫ್ ಹಿಂದಕ್ಕೆ ಇಳಿಜಾರಾಗಿರುವುದು). ಎಂಜಿಬಿಯಲ್ಲಿ ಜಿಎಚ್‌ಎನ್ ಅಂತ ಶುರುವಾದರೆ ಓಪನ್ ಕಾರು, ಜಿಎಚ್‌ಡಿ ಅಂದರೆ ರೂಫ್ ಇರುವ ಜಿಟಿ. ಎಂಜಿ, ಟ್ರಯಂಫ್‌ನಂಥ ಬ್ರಿಟಿಷ್ ಕಾರುಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ, ತಯಾರಿಕೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ಕಾರು ಹೊರಟಾಗ ಯಾವ ಬಣ್ಣ, ಯಾವ ಎಂಜಿನ್ ನಂಬರ್ ಇತ್ತು ಅನ್ನುವುದು ಅದರಲ್ಲಿ ಸಿಗುತ್ತದೆ.

ಹಂತ 5: ಬಾಗಿಲ ಸಂದು ಮತ್ತು ಸಿಲ್

ಇಡೀ ಪರೀಕ್ಷೆಯಲ್ಲಿ ಅರ್ಧ ಸಮಯ ಇಲ್ಲೇ ಕೊಡಿ.

ಕಾರು ಸಮತಟ್ಟಾದ ನೆಲದ ಮೇಲೆ, ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಬಾಗಿಲು ಮುಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದು ಪಕ್ಕದಿಂದ ನೋಡಿ. ಬಾಗಿಲಿನ ಹಿಂದಿನ ಅಂಚಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ? ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವಿನಲ್ಲಿ ಕುಸಿದಿದೆ. ಸಿಲ್ ಸೋತಿದೆ ಅಂತಲೇ ಅರ್ಥ. ಮೇಲಿನ ಮೂಲೆಯಲ್ಲಿ ಬಾಗಿಲು ಹಿಂದಿನ ವಿಂಗ್‌ಗೆ (ಚಕ್ರದ ಮೇಲಿನ ಬಾಡಿ ಶೀಟ್) ತಾಗಿ ಪೇಂಟ್ ಉದುರಿದ ಕಲೆ ಇದ್ದರೆ ಇನ್ನು ಅನುಮಾನವೇ ಬೇಡ. ಇದರ ಉಲ್ಟಾ, ಅಂದರೆ ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ, ಯಾರೋ ಕಾರನ್ನು ನಡುವಿನಲ್ಲಿ ಮಾತ್ರ ಎತ್ತಿ ನಿಲ್ಲಿಸಿ ಸಿಲ್ ವೆಲ್ಡ್ ಮಾಡಿದ್ದಾರೆ. ಎರಡು ತುದಿ ಜೋತುಬಿದ್ದು ಹಾಗೇ ಗಟ್ಟಿಯಾಗಿದೆ. ಇದನ್ನು ಸರಿಮಾಡಲು ಆ ಹೊಸ ಸಿಲ್ಲನ್ನೇ ಮತ್ತೆ ಕತ್ತರಿಸಬೇಕು.

ಸಂದು ಸರಿಯಿಲ್ಲ ಅಂತ ತೋರಿಸಿದರೆ ಮಾರುವವರು "ಹಿಂಜ್ ಸವೆದಿದೆ ಅಷ್ಟೆ" ಅನ್ನುತ್ತಾರೆ. ನಿಜವೂ ಇರಬಹುದು. ಬಾಗಿಲನ್ನು ಅರ್ಧ ತೆರೆದು, ಹಿಂದಿನ ತುದಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ. ಲಟಲಟ ಆಡಿದರೆ ಹಿಂಜ್ ಪಿನ್ ಸವೆದಿದೆ. ಆಡದಿದ್ದರೆ ತಪ್ಪು ಹಿಂಜ್‌ದಲ್ಲ.

ಮುಂದಿನದು ಜಾಕಿ ಪರೀಕ್ಷೆ. ಮಾಲೀಕರ ಒಪ್ಪಿಗೆ ತೆಗೆದುಕೊಂಡೇ ಮಾಡಿ. ಸಂದಿನ ಅಗಲವನ್ನು ಮೇಲೆ, ಕೆಳಗೆ ಅಳೆದು ಬರೆದುಕೊಳ್ಳಿ. ಆಮೇಲೆ ಆ ಬದಿಯ ಸಿಲ್‌ನ ಜಾಕಿ ಪಾಯಿಂಟ್‌ನಲ್ಲಿ ನಿಧಾನವಾಗಿ ಎತ್ತಿ, ಕಿವಿ ಅಲ್ಲೇ ಇರಲಿ. ಕರಕರ ಸದ್ದು ಬಂದರೆ, ಜಾಕಿಯ ತಲೆ ಒಳಗೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಪರೀಕ್ಷೆ ಮುಗಿಯಿತು, ಉತ್ತರವೂ ಸಿಕ್ಕಿತು. ಎತ್ತಿದ ಮೇಲೆ ಮತ್ತೆ ಅಳೆಯಿರಿ. ಓಪನ್ ಕಾರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಕಣ್ಣಿಗೇ ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ತೆರೆಯಲು ಮುಚ್ಚಲು ಬಿಗಿಯಾದರೆ, ಬಾಡಿಗೆ ಬಲ ಉಳಿದಿಲ್ಲ.

ಎಚ್ಚರ: ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಕೆಳಗೆ ನುಗ್ಗುವ ಮುಂಚೆ ಸ್ಟ್ಯಾಂಡ್ ಇಡಿ, ಅದನ್ನೂ ತುಕ್ಕಿಲ್ಲದ ಗಟ್ಟಿ ಜಾಗದ ಕೆಳಗೇ ಇಡಿ. ತುಕ್ಕು ಹಿಡಿದ ಕಾರಿನಲ್ಲಿ ಅಂಥ ಜಾಗ ಹುಡುಕುವುದೇ ಒಂದು ಕೆಲಸ. ಸಿಗದಿದ್ದರೆ ಕೆಳಗೆ ಹೋಗಲೇಬೇಡಿ, ಕ್ಯಾಮೆರಾ ಕಳಿಸಿ.

ಈಗ ಸಿಲ್‌ಗೇ ಬನ್ನಿ. ಹೊರಗೆ ಕಾಣುವುದು ಅದರ ಒಂದು ಪದರ ಮಾತ್ರ. ಎಂಜಿಬಿಯಲ್ಲಿ ಹೊರಗಿನ ಸಿಲ್, ನಡುವೆ ಒಂದು ತಗಡಿನ ಗೋಡೆ, ಒಳಗಿನ ಸಿಲ್ ಅಂತ ಪದರಗಳಿವೆ. ಬಲವೆಲ್ಲ ಬರುವುದು ಇವು ಒಟ್ಟಾಗಿ ಪೆಟ್ಟಿಗೆಯಾದಾಗ. ಒಳಗಿನವು ಪುಡಿಯಾಗಿದ್ದರೂ ಹೊರಗಿನದನ್ನು ಹೊಸದು ಹಾಕಿ, ಪೇಂಟ್ ಹೊಡೆದು "ಸಿಲ್ ಹೊಸದು" ಅಂತ ಮಾರುವವರು ಬೇಕಾದಷ್ಟು. ಇದನ್ನು ಹಿಡಿಯುವುದು ಹೀಗೆ. ಅಸಲಿ ಸಿಲ್ ಬಾಗಿಲ ಕೆಳಗಷ್ಟೇ ಇರುವುದಿಲ್ಲ, ಮುಂದಿನ ವಿಂಗ್‌ನ ಹಿಂದಕ್ಕೂ, ಹಿಂದಿನ ವಿಂಗ್‌ನ ಒಳಕ್ಕೂ ಹೋಗುತ್ತದೆ. ವಿಂಗ್ ಬಿಚ್ಚದೆ ಅಥವಾ ಅದರ ಕೆಳಭಾಗ ಕತ್ತರಿಸದೆ ಸಿಲ್ ಸರಿಯಾಗಿ ಬದಲಿಸಲು ಆಗುವುದಿಲ್ಲ. ಆದ್ದರಿಂದ ಚಕ್ರದ ಗೂಡಿನ ಒಳಗೆ ಕನ್ನಡಿ ಹಿಡಿದು ನೋಡಿ. ಹೊಸ ಶೀಟ್ ವಿಂಗ್‌ನ ಅಂಚಿಗೇ ಮುಗಿದು, ಅದರಾಚೆ ಹಳೇ ತುಕ್ಕು ಶುರುವಾಗಿದ್ದರೆ ಕೆಲಸ ಬರೀ ಕಣ್ಣಿಗಾಗಿ ಮಾಡಿದ್ದು. ಸಿಲ್‌ನ ಕೆಳ ಅಂಚಿನಲ್ಲಿ ಜೋಡಣೆಯ ಗೆರೆ ಮತ್ತು ನೀರು ಇಳಿಯುವ ತೂತು ಕಾಣಬೇಕು. ಅಲ್ಲಿ ನುಣ್ಣಗೆ ಏನೂ ಇಲ್ಲದಿದ್ದರೆ ಹಳೆಯದರ ಮೇಲೆ ಇನ್ನೊಂದು ತಗಡು ಹೊದಿಸಿದ್ದಾರೆ.

ಆಮೇಲೆ ಮ್ಯಾಗ್ನೆಟ್. ಸಿಲ್ ಉದ್ದಕ್ಕೂ, ಬಾಗಿಲ ಕೆಳ ಅಂಚಿಗೂ, ಚಕ್ರದ ಕಮಾನಿಗೂ ಎಳೆದುಕೊಂಡು ಹೋಗಿ. ಹಿಡಿತ ತಪ್ಪಿದ ಕಡೆ ಒಳಗೆ ಪುಟ್ಟಿ ಇದೆ. ಮೀಟರ್ ಇದ್ದರೆ 100ರಿಂದ 200 ಮೈಕ್ರಾನ್ ತನಕ ಪೇಂಟ್ ಅಂದುಕೊಳ್ಳಿ, 1000 ದಾಟಿದರೆ ಪುಟ್ಟಿ. ಸ್ಕ್ರೂ ಡ್ರೈವರ್‌ನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಶೀಟ್ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಧಪ್ ಅನ್ನುತ್ತದೆ, ಕೆಲವೊಮ್ಮೆ ಒಳಗೆ ತುಕ್ಕಿನ ಚಕ್ಕೆ ಉದುರುವುದು ಕೇಳುತ್ತದೆ. ಮೊನೆಯಿಂದ ಚುಚ್ಚಿ ತೂತು ಮಾಡಬೇಡಿ. ಕಾರು ಇನ್ನೂ ನಿಮ್ಮದಲ್ಲ.

ಹಂತ 6: ನೆಲ ಮತ್ತು ಆಯಾ ಮಾಡೆಲ್‌ನ ಗುಟ್ಟಿನ ಜಾಗಗಳು

ಕಾರ್ಪೆಟ್ ಎತ್ತಿ, ಅದರ ಕೆಳಗಿನ ಫೆಲ್ಟ್ ಮುಟ್ಟಿ ನೋಡಿ. ಮೇಲೆ ಒಣಗಿದ್ದು ಕೆಳಗೆ ತೇವ ಇರುತ್ತದೆ. ಪೆಡಲ್‌ಗಳ ಮುಂದಿನ ಮೂಲೆ, ಸೀಟಿನ ಬೋಲ್ಟ್ ಕೂತ ಜಾಗ, ಸೀಟಿನ ಹಿಂದಿನ ಅಡ್ಡಪಟ್ಟಿ, ಸೀಟ್ ಬೆಲ್ಟ್ ಕಟ್ಟುವ ಜಾಗ ಈ ನಾಲ್ಕನ್ನು ಬಿಡಬೇಡಿ. ನೆಲಕ್ಕೆ ಕಪ್ಪು ಟಾರಿನಂಥದ್ದು ಹೊಸದಾಗಿ ಬಳಿದಿದ್ದರೆ ಅನುಮಾನಪಡಿ.

ಪ್ರತಿ ಮಾಡೆಲ್‌ಗೂ ತನ್ನದೇ ಆದ ಕೆಟ್ಟ ಜಾಗ ಇರುತ್ತದೆ. ಎಂಎಕ್ಸ್-5ರಲ್ಲಿ ಟಾಪಿನ ನೀರು ಹೋಗುವ ಕೊಳವೆಗಳು ಬಾಗಿಲ ಹಿಂದೆ ಇವೆ. ಕಸ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ಇಳಿದು, ಹಿಂದಿನ ಚಕ್ರದ ಮುಂದೆ ತುಕ್ಕು ಹೊರಗೆ ಬರುತ್ತದೆ. ಹೊರಗೆ ಸಣ್ಣ ಗುಳ್ಳೆ ಕಂಡರೆ ಒಳಗಿನಿಂದ ತಿಂದುಕೊಂಡು ಬಂದಿದೆ ಅಂತ ತಿಳಿಯಿರಿ. ಮೊದಲ ಮಸ್ಟಾಂಗ್‌ಗಳಲ್ಲಿ ಮುಂದಿನ ಗಾಜಿನ ಕೆಳಗೆ ಗಾಳಿ ಬರುವ ಜಾಲರಿ ಇದೆಯಲ್ಲ, ಅಲ್ಲಿ ಒಂದು ಬಾಟಲಿ ನೀರು ಸುರಿದು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿಯಿರಿ. ಕಾಲಿಡುವ ಜಾಗಕ್ಕೆ ತೊಟ್ಟಿಕ್ಕಿದರೆ ಆ ಗೂಡು ಕೊಳೆತಿದೆ, ಅದನ್ನು ತಲುಪಲು ತುಂಬ ಬಿಚ್ಚಬೇಕು. ಫಿಯಟ್ 124 ಸ್ಪೈಡರ್‌ನಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೋಪುರ ನೋಡಿ. ಟಿಆರ್6ರಲ್ಲಿ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ತೂಗುಬಿದ್ದಿರುವ ಬ್ರ್ಯಾಕೆಟ್‌ಗಳು ಬಿರುಕು ಬಿಡುತ್ತವೆ, ಅದರ ಸುತ್ತಲಿನ ಚಾಸಿಸ್ಸಿಗೂ ತುಕ್ಕು. ಬೀಟಲ್‌ನಲ್ಲಿ ಎಂಜಿನ್‌ನ ಬಿಸಿಗಾಳಿ ಮುಂದಕ್ಕೆ ಹೋಗುವ ಕೊಳವೆಯೇ ಸಿಲ್ ಕೂಡ. ಜಾಗ್ವಾರ್ ಇ-ಟೈಪ್‌ನ ಮುಂಭಾಗ ಕೊಳವೆಗಳ ಫ್ರೇಮ್, ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅಂಥದ್ದನ್ನು ಮೊದಲ ಪ್ರಾಜೆಕ್ಟ್ ಮಾಡಿಕೊಳ್ಳದಿರುವುದೇ ವಾಸಿ.

ಹಂತ 7: ಟಾಪ್

ಟಾಪಿನ ಬಟ್ಟೆ ಹರಿದಿದೆ ಅಂತ ಗಾಬರಿಯಾಗಬೇಡಿ. ಬಟ್ಟೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹೇಗೂ ಬದಲಿಸುವಂಥವೇ. ನೋಡಬೇಕಾದ್ದು ಒಳಗಿನ ಫ್ರೇಮ್. ಅದು ಇದೆಯೇ, ಪೂರ್ತಿ ಇದೆಯೇ, ನೆಟ್ಟಗಿದೆಯೇ? ಬಟ್ಟೆ ಹೊಸದಾಗಿ ಹೊಲಿಸಬಹುದು, ಫ್ರೇಮ್ ಮಾತ್ರ ಇನ್ನೊಂದು ಹಳೇ ಕಾರಿನಿಂದಲೇ ಬರಬೇಕಾಗುತ್ತದೆ.

ಕೈಯಿಂದಲೇ ಪೂರ್ತಿ ಏರಿಸಿ, ಇಳಿಸಿ ನೋಡಿ. ಮಡಚುವ ಕೀಲುಗಳು ಎರಡೂ ಬದಿ ಒಟ್ಟಿಗೆ ಚಲಿಸಬೇಕು. ಒಂದು ಬದಿ ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಫ್ರೇಮ್ ಸೊಟ್ಟಗಾಗಿದೆ. ಮುಂದಿನ ಗಾಜಿನ ಮೇಲೆ ಕೂರುವ ಪಟ್ಟಿಯನ್ನು ಕೆಲವು ಕಾರುಗಳಲ್ಲಿ ಮರದಿಂದ ಮಾಡಿರುತ್ತಾರೆ. ಉಗುರಿನಿಂದ ಒತ್ತಿದರೆ ಮೆತ್ತಗಿದೆ ಅಂದರೆ ಕೊಳೆತಿದೆ. ಟಾಪ್ ಏರಿಸಿ, ಕಿಟಕಿ ಗಾಜು ಪೂರ್ತಿ ಮೇಲೆ ಮಾಡಿ, ಗಾಜಿನ ಅಂಚು ಬೀಡಿಂಗ್‌ಗೆ ಎಲ್ಲಿ ತಾಗುತ್ತದೆ ನೋಡಿ. ಎರಡೂ ಬದಿ ಬೇರೆಬೇರೆಯಾಗಿ ತಾಗಿದರೆ ಐದನೇ ಹಂತಕ್ಕೆ ವಾಪಸ್ ಹೋಗಿ, ಬಾಡಿಯನ್ನು ಇನ್ನೊಮ್ಮೆ ನೋಡಿ. ಲಾಕ್ ಹಾಕಲು ಇಬ್ಬರು ಸೇರಿ ಎಳೆಯಬೇಕಾಗಿದ್ದರೂ ಅಷ್ಟೆ.

ಮೋಟರ್‌ನಿಂದ ಏಳುವ ಟಾಪ್ ಆದರೆ ಪಂಪ್ ಸದ್ದು ಕೇಳಿ, ಸೀಟಿನ ಹಿಂದೆ ಆಯಿಲ್ ಸೋರಿದ ಕಲೆ ಇದೆಯೇ ನೋಡಿ. ಕೆಲಸ ಮಾಡದಿದ್ದರೆ ಬಲವಂತ ಮಾಡಬೇಡಿ, ಬಾಗಿದರೆ ಹೊಣೆ ನಿಮ್ಮದಾಗುತ್ತದೆ.

ಹಂತ 8: ಏನೇನು ಇಲ್ಲ?

ಪ್ರಿಂಟ್ ತಂದಿದ್ದೀರಲ್ಲ, ಈಗ ತೆಗೆಯಿರಿ. ಕಾರಿನ ಮುಂದಿನಿಂದ ಹಿಂದಕ್ಕೆ ಒಂದೊಂದೇ ಚಿತ್ರಕ್ಕೆ ಗುರುತು ಹಾಕುತ್ತಾ ಬನ್ನಿ. ಬ್ರೇಕ್ ಪ್ಯಾಡ್, ಹೋಸ್, ಬೆಲ್ಟ್ ಇಲ್ಲದಿದ್ದರೆ ಪರವಾಗಿಲ್ಲ. ಗಾಜಿನ ಸುತ್ತಲಿನ ಫ್ರೇಮ್, ಕ್ರೋಮ್ ಪಟ್ಟಿಗಳು, ಬಂಪರ್, ಮೀಟರ್‌ಗಳು, ಲೈಟಿನ ರಿಂಗ್, ಬಾಗಿಲ ಹಿಡಿ, ಟಾಪಿನ ಕೊಕ್ಕೆಗಳು ಇಲ್ಲದಿದ್ದರೆ ಬೆಲೆ ಇಳಿಸಿ ಅಥವಾ ಕೈಬಿಡಿ. ಇವನ್ನು ಒಂದೊಂದಾಗಿ ಹುಡುಕಿ ಕೊಳ್ಳುವುದು ತಾಳ್ಮೆ ಮತ್ತು ಹಣ ಎರಡನ್ನೂ ತಿನ್ನುತ್ತದೆ.

ಪೂರ್ತಿ ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿಟ್ಟ ಕಾರು ಅಗ್ಗವಾಗಿ ಕಾಣುತ್ತದೆ. "ಎಲ್ಲಾ ಇದೆ, ಜೋಡಿಸಿದರೆ ಆಯ್ತು" ಅನ್ನುತ್ತಾರೆ. ಎಲ್ಲಾ ಯಾವತ್ತೂ ಇರುವುದಿಲ್ಲ. ಜೊತೆಗೆ ಬೇರೆಯವರು ಬಿಚ್ಚಿದ್ದನ್ನು ಜೋಡಿಸುವಾಗ ಯಾವ ಬೋಲ್ಟ್ ಎಲ್ಲಿಯದು ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ಮೊದಲ ಪ್ರಾಜೆಕ್ಟ್‌ಗೆ ಇಂಥದ್ದು ಬೇಡ. ಕೆಟ್ಟ ಸ್ಥಿತಿಯಲ್ಲಿದ್ದರೂ ಜೋಡಿಸಿಯೇ ಇರುವ ಕಾರು ನೋಡಿ.

ಹಂತ 9: ಎಂಜಿನ್, ಗೇರ್, ಬ್ರೇಕ್

ಬಾನೆಟ್ ತೆರೆದ ಕೂಡಲೇ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಓಡಿಸಿದ್ದಾರೆ. ತಣ್ಣಗಿರುವಾಗ ಬರುವ ತೊಂದರೆಗಳನ್ನು ನಿಮಗೆ ತೋರಿಸಲು ಅವರಿಗೆ ಇಷ್ಟವಿರಲಿಲ್ಲ.

ಎಷ್ಟೋ ವರ್ಷದಿಂದ ನಿಂತ ಎಂಜಿನ್‌ಗೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಅಂಟಿಕೊಂಡಿದ್ದರೆ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಬೆಲ್ಟ್ ಸುತ್ತುವ ಗಾಲಿ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ. ತಿರುಗದಿದ್ದರೆ ಜಾಮ್ ಆಗಿದೆ ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ.

ತಿರುಗಿದರೆ ಕಂಪ್ರೆಷನ್ ಅಳೆಯಿರಿ. ಎಲ್ಲಾ ಪ್ಲಗ್ ಬಿಚ್ಚಿ, ಇಗ್ನಿಷನ್ ಕಟ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆಯಬೇಕು. ಅಂಕಿ ಎಷ್ಟು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. 10ರಿಂದ 15 ಶೇಕಡ ಒಳಗಿದ್ದರೆ ಸರಿ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡರಲ್ಲೂ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ಆಯಿಲ್ ಮುಚ್ಚಳದ ಒಳಗೆ ಬಿಳಿಚಿದ ಗಟ್ಟಿ ನೊರೆ ಇದೆಯೇ, ರೇಡಿಯೇಟರ್ ನೀರಿನ ಮೇಲೆ ಆಯಿಲ್ ತೇಲುತ್ತಿದೆಯೇ ನೋಡಿ.

ಸ್ಪಿಟ್‌ಫೈರ್ ಅಥವಾ ಟಿಆರ್6 ಆದರೆ ಒಂದು ಹೆಚ್ಚುವರಿ ಪರೀಕ್ಷೆ. ಸ್ನೇಹಿತ ಕ್ಲಚ್ ಒತ್ತಿ ಬಿಡುತ್ತಿರಲಿ, ನೀವು ಎಂಜಿನ್ ಮುಂದಿನ ಪುಲ್ಲಿ ನೋಡಿ. ಅದು ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಕಂಡರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಅದು ಉದುರಿ ಬಿದ್ದಿದ್ದರೆ ಕ್ರ್ಯಾಂಕ್ ಬ್ಲಾಕನ್ನೇ ತಿಂದಿರುತ್ತದೆ. ಈ ಪರೀಕ್ಷೆ ಎಂಜಿನ್ ನಿಂತಿರುವಾಗಲೇ ಮಾಡಿ.

ಗೇರ್ ಒಂದೊಂದಾಗಿ ಹಾಕಿ ನೋಡಿ. ಬ್ರೇಕ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ನಿಂತ ಕಾರಿನ ಸಿಲಿಂಡರ್, ಹೋಸ್, ಫ್ಲೂಯಿಡ್ ಎಲ್ಲ ಬದಲಿಸಲೇಬೇಕು. ಟೈರ್‌ಗೂ ಅದೇ ಮಾತು. 2000ದಿಂದ ಈಚಿನ ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಕಾರು ನಿಜಕ್ಕೂ ಎಷ್ಟು ವರ್ಷದಿಂದ ನಿಂತಿದೆ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಹಂತ 10: ಲೆಕ್ಕ ಮತ್ತು ಚೌಕಾಸಿ

ಅಲ್ಲೇ ನಿಂತು ಬೆಲೆ ಮಾತಾಡಬೇಡಿ. ಮನೆಗೆ ಬಂದು ಎರಡು ಪಟ್ಟಿ ಮಾಡಿ. ಒಂದು, ಕೊಳ್ಳಬೇಕಾದ ಭಾಗಗಳು. ಇನ್ನೊಂದು, ಬೇರೆಯವರ ಕೈಯಲ್ಲಿ ಮಾಡಿಸಬೇಕಾದ ಕೆಲಸ: ಟಿಂಕರಿಂಗ್, ಪೇಂಟ್, ಕ್ರೋಮ್, ಎಂಜಿನ್ ಮಷೀನಿಂಗ್, ಕುಶನ್ ಮತ್ತು ಟಾಪ್. ಜನ ಮರೆಯುವುದು ಎರಡನೇ ಪಟ್ಟಿ. ಒಟ್ಟು ಮಾಡಿ, ಅದರ ಮೇಲೆ ಇನ್ನು ಮೂರನೇ ಒಂದು ಭಾಗ ಸೇರಿಸಿ. ಬಾಡಿ ಬಿಚ್ಚಿದ ಮೇಲೆ ಹೊರಬರುವ ತುಕ್ಕಿಗೆ ಅದು ಬೇಕೇ ಬೇಕು.

ಈಗ ಅದೇ ಮಾಡೆಲ್‌ನ, ಚೆನ್ನಾಗಿ ಓಡುತ್ತಿರುವ ಕಾರಿನ ಬೆಲೆ ಪಕ್ಕದಲ್ಲಿ ಬರೆಯಿರಿ. ಹೆಚ್ಚಿನ ಸಲ ಓಡುವ ಕಾರೇ ಅಗ್ಗ. ಕೆಲಸ ಮಾಡುವ ಖುಷಿಗಾಗಿಯೇ ಪ್ರಾಜೆಕ್ಟ್ ಬೇಕು ಅನ್ನುವವರು ಮುಂದೆ ಹೋಗಿ. ದುಡ್ಡು ಉಳಿಸಲು ಅಂತ ಹೊರಟಿದ್ದರೆ ಇಲ್ಲೇ ನಿಲ್ಲಿಸಿ.

ಚೌಕಾಸಿಗೆ ಕೂತಾಗ ಕಾರನ್ನು ಹೀಯಾಳಿಸಬೇಡಿ, ಅದರ ಮೇಲೆ ಪ್ರೀತಿ ಇಟ್ಟುಕೊಂಡವರು ಎದ್ದೇ ಹೋಗುತ್ತಾರೆ. ಅಳತೆ, ಫೋಟೋ, ಕಂಪ್ರೆಷನ್ ಅಂಕಿ ಇವನ್ನು ಮೇಜಿನ ಮೇಲಿಟ್ಟರೆ ಸಾಕು. ಅಡ್ವಾನ್ಸ್ ಕೊಟ್ಟರೆ, ಯಾವ ಬಿಡಿಭಾಗಗಳು ಜೊತೆಗೆ ಬರುತ್ತವೆ ಅನ್ನುವ ಪಟ್ಟಿಗೆ ಸಹಿ ಹಾಕಿಸಿಕೊಂಡೇ ಕೊಡಿ. ಶೆಡ್ಡಿನ ಮೂಲೆಯ ಪೆಟ್ಟಿಗೆಗಳು ಕೊನೆ ದಿನ ಮಾಯವಾಗುವುದು ಹೊಸದಲ್ಲ.

ಹಂತ 11: ಸಾಗಿಸುವುದು ಮತ್ತು ಮೊದಲ ಕೆಲಸಗಳು

ಹಗ್ಗ ಕಟ್ಟಿ ಎಳೆದುಕೊಂಡು ಬರಬೇಡಿ. ಬ್ರೇಕ್ ನಂಬುವಂತಿಲ್ಲ, ಸೋತ ಬಾಡಿಗೆ ಆ ಜಗ್ಗಾಟ ಒಳ್ಳೆಯದೂ ಅಲ್ಲ. ಕಾರನ್ನು ಪೂರ್ತಿ ಮೇಲೆ ಹೊರುವ ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ತನ್ನಿ, ಬೆಲ್ಟನ್ನು ಚಕ್ರಗಳಿಗೆ ಬಿಗಿಯಿರಿ, ಸಿಲ್ ಅಥವಾ ಬಾಡಿಯ ಮೇಲೆ ಹಾಯಿಸಬೇಡಿ. ಎರಡೂ ಬಾಗಿಲು ಮುಚ್ಚಿ ಲಾಕ್ ಆಗಿರಲಿ. ಹರಿದ ಟಾಪನ್ನು ಗಾಳಿಗೆ ಬಿಡಬೇಡಿ, ಮಡಚಿ ಕಟ್ಟಿ.

ಬಂದ ದಿನವೇ ಸ್ಪ್ಯಾನರ್ ಹಿಡಿಯಬೇಡಿ. ಬ್ಯಾಟರಿ ತಂತಿ ಬಿಚ್ಚಿ, ಹಳೇ ಪೆಟ್ರೋಲ್ ಬಯಲಲ್ಲಿ ಜಾಗರೂಕತೆಯಿಂದ ಖಾಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಒಂದು ಹತ್ತಿರ ಇಡಿ. ಆಮೇಲೆ ಫೋಟೋ ತೆಗೆಯಿರಿ. ವೈರ್ ಎಲ್ಲಿ ಹಾದಿದೆ, ಕ್ಲಿಪ್ ಯಾವ ಕಡೆ ಮುಖ ಮಾಡಿದೆ, ಯಾವ ಬೋಲ್ಟ್ ಕೆಳಗೆ ಎಷ್ಟು ವಾಷರ್ ಇದೆ, ಎಲ್ಲವೂ. ಬಿಚ್ಚಿದ್ದಕ್ಕೆಲ್ಲ ಚೀಲ, ಚೀಲಕ್ಕೆಲ್ಲ ಹೆಸರು.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬಾಡಿಯನ್ನು ಕಟ್ಟಿಹಾಕಬೇಕು. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು, ಒಂದು ಬದಿಯಿಂದ ಇನ್ನೊಂದಕ್ಕೆ ಒಂದು. ಇದನ್ನು ಮಾಡದೆ ಗ್ರೈಂಡರ್ ಹಿಡಿದರೆ ಕಾರು ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಿ ಕತ್ತರಿಸಿ. ಹೊಸ ಸಿಲ್ಲನ್ನು ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ, ಬಾಗಿಲು ಹಾಕಿ, ಸಂದು ಅಳೆದು, ಸರಿಬಂದ ಮೇಲಷ್ಟೇ ಪೂರ್ತಿ ವೆಲ್ಡ್ ಮಾಡಿಸಿ.

ಟಾಪಿನ ಬಟ್ಟೆಗೆ ಆರ್ಡರ್ ಕೊಡುವ ಆತುರ ಬೇಡ. ಬಾಗಿಲು, ಕಿಟಕಿ ಗಾಜು, ಹೊಸ ಬೀಡಿಂಗ್ ಎಲ್ಲ ತಮ್ಮ ಜಾಗದಲ್ಲಿ ಕೂತ ಮೇಲೆ ಫ್ರೇಮ್ ಹೊಂದಿಸಿ, ಅದಾದ ಮೇಲೆ ಅಳತೆ ಕೊಡಿ.